ಏಳನೇ ತೊಟ್ಟಿಯ ಒಗರು

ಬಿರಡೆ ಹೊರಬಂದ ಸಣ್ಣ ಸದ್ದು ಕೇಳಿಸಿತು. ಅವಳು ಈರುಳ್ಳಿ ಹೆಚ್ಚುವ ಕೈ ನಿಲ್ಲಿಸಲಿಲ್ಲ. ಬೆನ್ನ ಹಿಂದೆ ನಿಂತವರು ಮೇಷ್ಟ್ರೇ ಎಂದು ತಿರುಗಿ ನೋಡದೆಯೇ ಗೊತ್ತಾಗಿತ್ತು. ಆ ವೈನ್ ಕಾರ್ಖಾನೆಯಲ್ಲಿ ಬಿರಡೆಯನ್ನು ಅಷ್ಟು ಮೆತ್ತಗೆ, ಮಲಗಿದ ಮಗುವಿನ ಕೈಯಿಂದ ಆಟಿಕೆ ಬಿಡಿಸಿದ ಹಾಗೆ ಎಳೆಯುವವರು ಬೇರೆ ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಅವರು ಅಲ್ಲಿಯ ರುಚಿಗಾರ. ಯಾವ ತೊಟ್ಟಿಯ ರಸವನ್ನು ಯಾವಾಗ ಇಳಿಸಬೇಕು, ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸಬೇಕು ಎಂಬುದೆಲ್ಲ ಅವರ ಮೂಗು ಹೇಳಿದ ಹಾಗೆ. ಕೆಲಸದವರು ಎದುರಿಗೆ ಮೇಷ್ಟ್ರೇ ಎನ್ನುತ್ತಿದ್ದರು, ಬೆನ್ನ ಹಿಂದೆ ಮೂಗಪ್ಪ.

"ಇಲ್ಲಿ ಬಾ. ಒಂದು ಗುಟುಕು ಬಾಯಿಗೆ ಹಾಕ್ಕೊ," ಎಂದರು ಮೇಷ್ಟ್ರು. ಮಾತೆಲ್ಲ ಮೂಗಿನೊಳಗೇ ಸಿಕ್ಕಿಕೊಂಡು ಬರುತ್ತಿತ್ತು.

"ನಾನಾ? ನೀವಿದೀರಲ್ಲ."

"ನಾನಿದ್ದು ಏನು ಬಂತು? ಮೂರು ದಿನದಿಂದ ನೆಗಡಿ. ಸೀಮೆಎಣ್ಣೆ ಕೊಟ್ರೂ ನೀರು ಅಂತ ಕುಡಿದುಬಿಡ್ತೀನಿ."

"ಮೂಗಿನಿಂದ ಅನ್ನ ತಿನ್ನೋರಿಗೆ ಮೂಗೇ ಕೈಕೊಡ್ತು ಅನ್ನಿ."

"ನಗು, ನಗು. ಇವತ್ತೇ ವಕ್ಕರಿಸ್ತಿದಾರೆ ಆ ಹೋಟೆಲಿನೋರು. ಅವರ ಹೋಟೆಲುಗಳಿಗೆಲ್ಲ ಒಂದೇ ವೈನ್ ಬೇಕಂತೆ. ಯಜಮಾನ್ರು ಇದನ್ನೇ ತೋರಿಸ್ಬೇಕು ಅಂತ ಹಠ ಹಿಡಿದಿದಾರೆ. ಇದರ ಜೊತೆ ಏನು ಬಡಿಸಿದ್ರೆ ಹೊಂದುತ್ತೆ ಅಂತ ನನಗೀಗ ಹೇಳೋಕಾಗಲ್ಲ. ಗುಡಾಮಿನ ಹುಡುಗರನ್ನ ಕೇಳೋಣ ಅಂದ್ರೆ ಸಿಗರೇಟು ಸೇದಿ ಸೇದಿ ಅವರ ನಾಲಿಗೆ ಚಪ್ಪಲಿ ಅಟ್ಟೆ ಆಗಿದೆ. ನಿನ್ನದು ಸರಿ ಇದೆ. ಉಪ್ಪು ಒಂದು ಕಾಳು ಹೆಚ್ಚಾದ್ರೂ ಹಿಡೀತೀಯ."

ಅವಳು ಕೈ ಒರೆಸಿಕೊಂಡು ಬಂದಳು. ಬಾಟಲಿಗೆ ಚೀಟಿ ಅಂಟಿಸಿರಲಿಲ್ಲ. ಹಸಿರು ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಏಳು ಎಂದು ಬರೆದಿತ್ತು, ಅದರ ಕೆಳಗೆ ವರ್ಷ. ಎರಡು ವರ್ಷದ ಹಿಂದಿನದು. ಅವಳು ನೋಡಿದ್ದನ್ನು ನೋಡಿ ಮೇಷ್ಟ್ರು ಕರವಸ್ತ್ರ ತೆಗೆದು ಮೂಗು ಸೀನಿದರು.

ಏಳನೇ ತೊಟ್ಟಿಯಲ್ಲಿ, ಅದೇ ವರ್ಷ, ಅವಳ ಗಂಡ ಸತ್ತಿದ್ದ.

ಅವನದು ತೊಟ್ಟಿಯ ಕೆಲಸ. ಹುಳಿಯೆದ್ದ ರಸವನ್ನು ಕೊಳಾಯಿಯಿಂದ ಕೆಳಕ್ಕೆ ಬಸಿದ ಮೇಲೆ ತಳದಲ್ಲಿ ದ್ರಾಕ್ಷಿಯ ಸಿಪ್ಪೆ ಸೊಂಟದುದ್ದ ಉಳಿಯುತ್ತದೆ. ಒಬ್ಬ ಮೇಲಿನಿಂದ ಏಣಿ ಹಾಕಿಕೊಂಡು ಒಳಗಿಳಿದು ಅದನ್ನು ಸಲಿಕೆಯಲ್ಲಿ ಬಾಚಿ ಬುಡದ ಕಿರುಬಾಗಿಲಿನಿಂದ ಹೊರಗೆ ತಳ್ಳಬೇಕು. ಹೊರಗೆ ಬಂದದ್ದು ಹಿಂಡಲು ಗಾಣಕ್ಕೆ ಹೋಗುತ್ತದೆ. ತಳದಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಎರಡು ಉಸಿರು ಎಳೆದರೆ ಮಂಡಿ ಮಡಚುತ್ತದೆ. ಅದಕ್ಕೇ ಒಂದು ಇಡೀ ದಿನ ತೊಟ್ಟಿಯ ಬಾಗಿಲು ತೆರೆದಿಡಬೇಕು, ಇಳಿಯುವ ಮುಂಚೆ ಉರಿಯುವ ಮೋಂಬತ್ತಿಯನ್ನು ದಾರ ಕಟ್ಟಿ ಕೆಳಗೆ ಬಿಡಬೇಕು. ದೀಪ ಆರಿದರೆ ಇಳಿಯುವ ಹಾಗಿಲ್ಲ. ಅವನು ಒಂದು ಮೋಂಬತ್ತಿಯ ತುಂಡನ್ನು ಯಾವಾಗಲೂ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ಕೈಗಡಿಯಾರ, ಬಾಚಣಿಗೆಯ ಜೊತೆ ಅದನ್ನೂ ಲಕೋಟೆಯಲ್ಲಿ ಹಾಕಿ ಅವಳಿಗೆ ಕೊಟ್ಟಿದ್ದರು. ಬತ್ತಿ ಬೆಳ್ಳಗೇ ಇತ್ತು. ಹಚ್ಚೇ ಇರಲಿಲ್ಲ.

ಏಳನೇ ತೊಟ್ಟಿಯ ಸಿಪ್ಪೆ ತೆಗೆಯಬೇಕಾದದ್ದು ಗುರುವಾರ, ಅವನು ಬುಧವಾರವೇ ಯಾರಿಗೂ ಹೇಳದೆ ಇಳಿದ, ಅರ್ಧ ದಿನ ರಜೆ ಗಿಟ್ಟಿಸುವ ಅವಸರ ಎಂದು ಕಾರ್ಖಾನೆಯವರು ಬರೆದುಕೊಟ್ಟರು. ಅತ್ತೆ ಕೂಡ ಅದನ್ನೇ ನಂಬಿದಳು. "ಎಂಟು ತಿಂಗಳಿಗೇ ಹುಟ್ಟಿದ ಮುಂಡೇದು. ಬರೋಕೂ ಅವಸರ, ಹೋಗೋಕೂ ಅವಸರ," ಎಂದು ಬಂದವರ ಎದುರಿಗೆಲ್ಲ ಹೇಳುತ್ತಿದ್ದಳು. ಸೊಸೆಯಾದ ಅವಳೂ ನಂಬಿದ್ದಳು. ಎರಡು ವರ್ಷ ಅವಳು ಗಂಡನಿಗಾಗಿ ಅತ್ತದ್ದಕ್ಕಿಂತ ಅವನ ಮೇಲೆ ಸಿಟ್ಟಾದದ್ದೇ ಹೆಚ್ಚು. ಒಂದು ಕಡ್ಡಿ ಗೀರುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಮಗಳು ಶಾಲೆಯಿಂದ ಬಂದು ಅಪ್ಪ ಬುದ್ಧಿ ಇಲ್ಲದೆ ಸತ್ತರಂತೆ ಹೌದಾ ಎಂದು ಕೇಳಿದ ದಿನ, ಹೌದು ಎಂದಿದ್ದಳು.

ಯಜಮಾನರು ಮಾತ್ರ ದೊಡ್ಡ ಮನಸ್ಸು ಮಾಡಿದರು ಎಂದು ಎಲ್ಲರೂ ಹೇಳಿದರು. ಕಾರ್ಖಾನೆಯ ಹಿಂದಿನ ಮನೆ ಬಿಡಿಸಲಿಲ್ಲ. ಅವಳಿಗೆ ಅತಿಥಿಗಳ ಅಡುಗೆಮನೆ ಒಪ್ಪಿಸಿದರು. ಸತ್ತ ಮೂರನೇ ದಿನ ಮನೆ ಬಾಗಿಲಿಗೆ ಬಂದು, "ಆ ತೊಟ್ಟಿಯ ಸಿಪ್ಪೆ ಒಂದು ಹಿಡೀನೂ ಗಾಣಕ್ಕೆ ಹಾಕಲಿಲ್ಲ ಕಣಮ್ಮ. ಮೊದಲು ಬಸಿದ ರಸ ಅಷ್ಟೇ ಇಟ್ಕೊಂಡ್ವಿ. ಸಿಪ್ಪೆನೆಲ್ಲ ತೋಟದ ಮೂಲೇಲಿ ಗುಂಡಿ ತೋಡಿ ಹೂತುಬಿಟ್ವಿ," ಎಂದಿದ್ದರು. ಅತ್ತೆ ತಿಂಗಳಿಗೊಮ್ಮೆ ಆ ಮೂಲೆಗೆ ಹೋಗಿ ಕೂತು ಬರುತ್ತಿದ್ದಳು.

"ಕುಡಿ," ಎಂದರು ಮೇಷ್ಟ್ರು. "ನುಂಗಬೇಡ. ಬಾಯೆಲ್ಲ ಆಡಿಸು."

ಗ್ಲಾಸಿನೊಳಗೆ ವೈನ್ ಕಪ್ಪಗಿತ್ತು. ಕಿಟಕಿಯ ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಕೆಂಪು ಕಾಣುತ್ತಿತ್ತು. ಅವಳು ಒಂದು ಗುಟುಕು ತೆಗೆದುಕೊಂಡಳು. ಮೊದಲು ಹೆಚ್ಚು ಹಣ್ಣಾದ ಯಾವುದೋ ಕಪ್ಪು ಹಣ್ಣು. ಆಮೇಲೆ ಹೊಗೆ, ಸುಟ್ಟ ಮರ. ಆಮೇಲೆ ಒಸಡುಗಳನ್ನು ಹಿಂದಕ್ಕೆಳೆದು ಯಾರೋ ಹೊಲಿದ ಹಾಗಾಯಿತು. ಕೆನ್ನೆಯ ಒಳಗೋಡೆ ಹಲ್ಲಿಗೆ ಅಂಟಿಕೊಂಡಿತು. ಅವಳು ಪಾತ್ರೆ ತೊಳೆಯುವ ತೊಟ್ಟಿಗೆ ಉಗುಳಿ, ನಾಲಿಗೆಯನ್ನು ಅಂಗುಳಕ್ಕೆ ಒತ್ತಿಕೊಂಡು ನಿಂತಳು.

ಆ ರುಚಿ ಅವಳಿಗೆ ಗೊತ್ತಿತ್ತು. ಮದುವೆಯಾದ ವರ್ಷ, ಗಂಡ ಒಂದು ಸಂಜೆ ತಾನೇ ಚಹಾ ಮಾಡುತ್ತೇನೆಂದು ಹಟ ಹಿಡಿದು ಎರಡು ಲೋಟ ಮಾಡಿದ್ದ. ಒಂದಕ್ಕೆ ಸೊಪ್ಪಿನಿಂದ ತಾನಾಗಿ ಇಳಿದ ಚಹಾ. ಇನ್ನೊಂದಕ್ಕೆ ಅದೇ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ, ಕೊನೆಯ ಹನಿಯವರೆಗೂ ಹಿಂಡಿದ್ದು. "ಕುಡಿದು ನೋಡು. ಎರಡೂ ಒಂದೇ ಸೊಪ್ಪು. ಇದು ಅದಾಗೇ ಕೊಟ್ಟಿದ್ದು. ಇದು ನಾವು ಕಿತ್ಕೊಂಡಿದ್ದು," ಎಂದಿದ್ದ. ಎರಡನೆಯದನ್ನು ಕುಡಿದು ಅವಳು ಮುಖ ಹಿಂಡಿಕೊಂಡಾಗ ಬಿದ್ದು ಬಿದ್ದು ನಕ್ಕಿದ್ದ. "ದ್ರಾಕ್ಷಿ ಸಿಪ್ಪೇನೂ ಅಷ್ಟೇ. ನಿಮ್ಮತ್ತೆ ಇದ್ದ ಹಾಗೆ. ಬಿಟ್ರೆ ಸಿಹಿ, ಹಿಂಡಿದ್ರೆ ಒಗರು." ಅತ್ತೆ ಕೂತಲ್ಲಿಂದಲೇ ಟವೆಲು ಎಸೆದಿದ್ದಳು.

"ಏನನ್ಸುತ್ತೆ?"

"ಒಗರು."

"ಒಗರಿರುತ್ತೆ. ಗಟ್ಟಿ ಕೆಂಪು ವೈನ್ ಅಂದ್ಮೇಲೆ ಇನ್ನೇನು ಪಾನಕ ಇದ್ದ ಹಾಗಿರುತ್ತಾ?"

"ಇದು ಅದಾಗೇ ಕೊಟ್ಟಿದ್ದಲ್ಲ ಮೇಷ್ಟ್ರೇ."

ಮೂಗಿನ ಹತ್ತಿರ ಹೋಗಿದ್ದ ಕರವಸ್ತ್ರ ಅಲ್ಲೇ ನಿಂತಿತು. "ಎಲ್ಲಾ ಮೊದಲ ರಸಾನೇ. ಸಿಪ್ಪೆ ಹೂತು ಹಾಕಿದ್ದು ನಿನಗೇ ಗೊತ್ತಲ್ಲ."

ಅವಳು ಸಿಪ್ಪೆಯ ಮಾತನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅದು ಮೇಷ್ಟ್ರಿಗೂ ಗೊತ್ತಾಗಿರಬೇಕು. ಬಾಟಲಿಗೆ ಬಿರಡೆ ತುರುಕುತ್ತ ಗಡಿಬಿಡಿಯಿಂದ ಮಾತಾಡತೊಡಗಿದರು. "ಕೊಬ್ಬಿರೋ ಮಾಂಸ ಮಾಡು. ಮೂಳೆ ಸಮೇತ ಇರಲಿ. ಉಪ್ಪು ಸ್ವಲ್ಪ ಮುಂದಿರಲಿ. ಹಳೇ ಚೀಸು ಇದೆಯಲ್ಲ, ಅದನ್ನೂ ಕೊನೇಲಿ ಇಡು. ಕೊಬ್ಬು ಉಪ್ಪು ಎರಡೂ ಸಿಕ್ರೆ ಎಂಥಾ ಒಗರೂ ಮೆತ್ತಗಾಗುತ್ತೆ. ಎಣ್ಣೆ ಹಚ್ಚಿ ಗುದ್ದಿದ್ರೆ ನೋವಾಗಲ್ಲ ನೋಡು, ಹಾಗೆ. ಮೀನು ಮಾತ್ರ ಹತ್ರಾನೂ ತರಬೇಡ. ಮೀನಿನ ಜೊತೆ ಇದು ಬಾಯಿಗೆ ಬಿದ್ರೆ ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗಿರುತ್ತೆ. ಹಿಂಡಿದ ರಸ ಇದ್ರಂತೂ..." ಅಲ್ಲಿಗೆ ನಿಲ್ಲಿಸಿದರು.

"ಇದ್ರಂತೂ?"

"ಇಲ್ಲವಲ್ಲ, ಅದಕ್ಕೇನೀಗ?" ಬಾಗಿಲ ಬಳಿ ಹೋಗಿ ತಿರುಗಿದರು. "ಆ ಕಾಗದ ಸಹಿ ಹಾಕಿಟ್ಟಿದೀಯ? ನಾಳೆ ಬೆಳಿಗ್ಗೆ ಕಾರ್ಮಿಕ ಕಚೇರಿಯೋರು ಬರ್ತಾರೆ. ಇವತ್ತು ಸಂಜೆ ಒಳಗೆ ಕೊಟ್ಬಿಡು. ಎರಡು ವರ್ಷದಿಂದ ಎಳೀತಾ ಇದಾರೆ. ಮುಗಿದುಹೋಗಲಿ."

ಕಾಗದ ಚಾಕುಗಳ ಡ್ರಾಯರಿನಲ್ಲಿತ್ತು. ಬೆರಳಚ್ಚು ಮಾಡಿದ ಒಂದೇ ಪುಟ. ನನ್ನ ಪತಿ ಯಾರ ಆದೇಶವೂ ಇಲ್ಲದೆ, ನಿಗದಿತ ದಿನಕ್ಕಿಂತ ಮೊದಲು, ಸ್ವಇಚ್ಛೆಯಿಂದ ತೊಟ್ಟಿಗೆ ಇಳಿದರು. ಈ ಬಗ್ಗೆ ನನ್ನ ತಕರಾರಿಲ್ಲ. ಕೆಳಗೆ ಅವಳ ಸಹಿಗೆ ಜಾಗ. ಪಕ್ಕದಲ್ಲಿ ಸಾಕ್ಷಿಯ ಸಹಿ ಆಗಲೇ ಬಿದ್ದಿತ್ತು. ಬಾಟಲಿಯ ಚೀಟಿಗಳಿಗೆ ಮಾಗಿದ ಹಣ್ಣಿನ ಪರಿಮಳ, ತುಂಬು ಮೈಕಟ್ಟು ಎಂದೆಲ್ಲ ಬರೆಯುವ ಅದೇ ದುಂಡು ಅಕ್ಷರ.

ಮಾಂಸವನ್ನು ಉಪ್ಪು ಮೆಣಸು ಸವರಿ ಒಲೆಗೆ ಹಾಕಿದ ಮೇಲೆ ಕೆಲಸ ಹೆಚ್ಚೇನೂ ಉಳಿದಿರಲಿಲ್ಲ. ಅವಳು ಶೀತಪೆಟ್ಟಿಗೆ ತೆರೆದಳು. ಮರುದಿನ ಕೆಲಸದವರ ಊಟಕ್ಕೆಂದು ತಂದ ಮೀನು ಇತ್ತು. ಒಂದು ತುಂಡು ಕೊಯ್ದು, ಏನೂ ಹಾಕದೆ ಬರೀ ನೀರಿನ ಹಬೆಯಲ್ಲಿ ಬೇಯಿಸಿದಳು. ಅರ್ಧ ತಿಂದು ಗ್ಲಾಸಿನಲ್ಲಿ ಉಳಿದಿದ್ದ ವೈನನ್ನು ಬಾಯಿಗೆ ಬಿಟ್ಟುಕೊಂಡಳು. ಮೇಷ್ಟ್ರು ಹೇಳಿದ ಹಾಗೆಯೇ ಇತ್ತು. ಕಬ್ಬಿಣ. ನಾಲಿಗೆಯ ಬುಡಕ್ಕೆ ಇಳಿದು ಅಲ್ಲೇ ಕೂತಿತು.

ಆದರೂ ತನ್ನ ನಾಲಿಗೆಯನ್ನು ತಾನೇ ನಂಬುವ ಧೈರ್ಯ ಸಾಲಲಿಲ್ಲ. ಒಂದು ಲೋಟ ಚಹಾದಿಂದ ಕಲಿತ ವಿದ್ಯೆ. ಒಬ್ಬ ಅಡುಗೆಯವಳ ಬಾಯಿಗೆ ಒಗರು ಕಂಡಿತು ಎಂದರೆ ಯಾರು ಕೇಳುತ್ತಾರೆ? ಕೇಳಿದರೂ ಏನಾದೀತು? ಯಜಮಾನರು ಸುಳ್ಳು ಹೇಳಿ ಸಿಪ್ಪೆ ಹಿಂಡಿಸಿದರು, ಅಷ್ಟೇ ತಾನೇ. ಸತ್ತವನ ಅವಸರ ಅವನ ತಲೆಯ ಮೇಲೇ ಉಳಿಯುತ್ತದೆ. ಆದರೂ ತಿಳಿಯಬೇಕಿತ್ತು. ಗೊತ್ತಿರುವ ಬಾಯಿಯೊಂದು ಅದನ್ನು ಹೇಳಬೇಕಿತ್ತು. ಅವಳು ಉಳಿದ ಮೀನನ್ನೂ ಕೊಯ್ದು ನಾಲ್ಕು ಸಣ್ಣ ತಟ್ಟೆಗೆ ಆಗುವಷ್ಟು ಹಬೆಗೆ ಇಟ್ಟಳು.

ಊಟದ ಕೋಣೆಯ ಒಂದು ಗೋಡೆ ಪೂರ್ತಿ ಗಾಜು. ಅತಿಥಿಗಳು ಉಣ್ಣುತ್ತ ತೊಟ್ಟಿಗಳ ಸಾಲು ನೋಡಲಿ ಎಂದು ಯಜಮಾನರು ಹಾಕಿಸಿದ್ದು. ಪ್ರತಿ ತೊಟ್ಟಿಯ ಬಾಯಿಗೂ ಈಗ ಒಂದೊಂದು ಫ್ಯಾನು. ಎಲ್ಲವೂ ಗಂಡ ಸತ್ತ ತಿಂಗಳಲ್ಲಿ ಬಂದವು. ಮೇಜಿನ ಆ ಬದಿ ಹೋಟೆಲಿನ ಹೆಂಗಸು ಕೂತಿದ್ದಳು. ಗಿಡ್ಡಗೆ ಕತ್ತರಿಸಿದ ನರೆಗೂದಲು, ಕೊರಳಿಗೆ ದಾರದಲ್ಲಿ ತೂಗುವ ಕನ್ನಡಕ. ಹೋಟೆಲುಗಳಿಗೆ ವೈನ್ ಆರಿಸುವವಳು ಅವಳೇ. ಜೊತೆಗೆ ಬಂದ ಮ್ಯಾನೇಜರು ಹಸಿದ ಮನುಷ್ಯ. ಬ್ರೆಡ್ಡು ಇಟ್ಟ ಕೂಡಲೇ ಮುರಿಯತೊಡಗಿದ್ದ. ಮೇಷ್ಟ್ರು ಕರವಸ್ತ್ರ ಹಿಡಿದು ಮೂಲೆಯಲ್ಲಿದ್ದರು.

ಅವಳು ತಟ್ಟೆಗಳನ್ನಿಟ್ಟಳು. ಮೇಷ್ಟ್ರು ಮೀನನ್ನು ನೋಡಿದರು, ಅವಳನ್ನು ನೋಡಿದರು. ಅಷ್ಟರಲ್ಲಿ ಯಜಮಾನರು ವೈನ್ ಸುರಿದಾಗಿತ್ತು.

ಹೆಂಗಸು ಮೀನು ತಿಂದಳು, ಗ್ಲಾಸು ತಿರುಗಿಸಿ ಮೂಸಿದಳು, ಕುಡಿದಳು. ಕನ್ನಡಕ ತೆಗೆದು ಮೂಗಿಗೇರಿಸಿಕೊಂಡು ಗ್ಲಾಸನ್ನು ಮತ್ತೆ ನೋಡಿದಳು.

"ಇದರ ಜೊತೆ ಮೀನು ಇಡೋಕೆ ಹೇಳಿದವರು ಯಾರು?"

"ಅಡುಗೆಯವಳದು ಏನೋ ತಪ್ಪಾಗಿದೆ," ಎಂದರು ಯಜಮಾನರು. "ತಗೊಂಡು ಹೋಗಮ್ಮ, ಮಾಂಸ ತಾ."

"ಇರಲಿ ಇರಲಿ, ಒಳ್ಳೇದೇ ಆಯ್ತು. ಮೀನಿನ ಮುಂದೆ ವೈನ್ ಸುಳ್ಳು ಹೇಳಲ್ಲ." ಇನ್ನೊಂದು ಗುಟುಕು ಕುಡಿದಳು. "ಹಿಂಡಿದ ರಸ ಎಷ್ಟು ಹಾಕಿದೀರಿ ಇದಕ್ಕೆ? ಕಾಲು ಭಾಗ?"

"ಐದರಲ್ಲೊಂದು," ಎಂದರು ಯಜಮಾನರು, ಸ್ವಲ್ಪ ಹೆಮ್ಮೆಯಿಂದಲೇ. "ಅದಿಲ್ದೆ ವೈನಿಗೆ ಮೈ, ಗಟ್ಟಿತನ ಎಲ್ಲಿಂದ ಬರಬೇಕು?"

ಮೀನಿನ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದ ಅವಳ ಕೈ ನಿಲ್ಲಲಿಲ್ಲ. ಹೆಂಗಸು ಗ್ಲಾಸನ್ನು ಕೆಳಗಿಟ್ಟಳು.

"ಮೈ ಇದೆ, ಇಲ್ಲ ಅನ್ನಲ್ಲ. ಆದ್ರೆ ಒಗರು ಒರಟು. ಸಿಪ್ಪೆ ಹೊರಗೆ ಬಿದ್ದಿತ್ತಾ ಒಂದೆರಡು ದಿನ? ಗಾಳಿ ಹೊಡೆದ ಸಿಪ್ಪೆ ಹಿಂಡಿದ್ರೆ ಹೀಗಾಗುತ್ತೆ. ಈಗ ಚೆನ್ನಾಗಿರುತ್ತೆ, ಇನ್ನು ಆರು ತಿಂಗಳಿಗೆ ವಿನೆಗರ್. ಹಳೇ ಸಿಪ್ಪೆಯ ವೈನು ನಮಗೆ ಬೇಡ."

ಯಜಮಾನರ ಕಿವಿ ಕೆಂಪಾಯಿತು. "ಹಳೇ ಸಿಪ್ಪೆ? ಈ ಮನೇಲಿ? ಮೇಡಂ, ರಸ ಬಸಿದ ಮರುದಿನ ಬೆಳಿಗ್ಗೆ ಸಿಪ್ಪೆ ತೆಗೆಸಿದೀನಿ ನಾನು. ಮಧ್ಯಾಹ್ನದೊಳಗೆ ಹಿಂಡಿ ಮುಗಿದಿತ್ತು. ಇನ್ನೂ ಬೆಚ್ಚಗಿತ್ತು ಸಿಪ್ಪೆ. ಹಿಂದಿನ ಸಂಜೇನೇ ಗಾಣ ನೆನೆಸಿ ರೆಡಿ ಇಟ್ಟಿದ್ವಿ, ಒಂದು ಗಂಟೆ ವ್ಯರ್ಥ ಆಗಬಾರದು ಅಂತ. ನಂಬಿಕೆ ಇಲ್ದಿದ್ರೆ ಮೇಷ್ಟ್ರ ಪುಸ್ತಕ ತರಿಸ್ತೀನಿ, ತಾರೀಖು ಸಮೇತ ಇದೆ. ಹೇಳ್ರೀ ಮೇಷ್ಟ್ರೇ."

ಮೇಷ್ಟ್ರು ಮೇಜಿನ ಬಟ್ಟೆ ನೋಡುತ್ತ, "ಹೌದು," ಎಂದರು. "ಬುಧವಾರ."

"ಹಾಗಾದ್ರೆ ಸರಿ," ಎಂದಳು ಹೆಂಗಸು.

ಅವಳು ತಟ್ಟೆಗಳನ್ನು ಹಿಡಿದು ಅಡುಗೆಮನೆಗೆ ನಡೆದಳು. ಯಜಮಾನರು ಅವಳತ್ತ ನೋಡಿರಲಿಲ್ಲ. ಅವಳು ಅಲ್ಲಿ ನಿಂತಿದ್ದಾಳೆಂಬುದು ಅವರ ಮನಸ್ಸಿಗೆ ಬಂದಿರಲೂ ಇಲ್ಲ. ಬಡಿಸುವವರು ಇದ್ದೂ ಇಲ್ಲದವರು.

ಗಾಣದ ಮರದ ಹಲಗೆಗಳು ಒಣಗಿದ್ದರೆ ಸಂದು ಬಿಡುತ್ತವೆ, ರಸವೆಲ್ಲ ನೆಲದ ಪಾಲು. ಹಿಂಡುವ ಹಿಂದಿನ ಸಂಜೆ ನೀರು ತುಂಬಿ ರಾತ್ರಿಯೆಲ್ಲ ನೆನೆಸಿಟ್ಟರೆ ಮರ ಉಬ್ಬಿ ಸಂದು ಮುಚ್ಚುತ್ತದೆ. ಅದೂ ಗಂಡನ ಕೆಲಸವೇ. ಗಾಣ ನೆನೆಸಿದ ಸಂಜೆ ಅವನ ಪ್ಯಾಂಟು ಮಂಡಿಯವರೆಗೆ ತೊಯ್ದಿರುತ್ತಿತ್ತು. ಅದನ್ನು ನೋಡಿದರೆ ಸಾಕು, ನಾಳೆ ಸಿಪ್ಪೆಯ ಕೆಲಸ, ಬೆಳಿಗ್ಗೆ ಬೇಗ ಬುತ್ತಿ ಕಟ್ಟಬೇಕು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಹೇಳುವ ಅಗತ್ಯವೇ ಇರಲಿಲ್ಲ.

ಆ ಬುಧವಾರ ಸುದ್ದಿ ಬಂದಾಗ ಅವಳು ಹಿತ್ತಲಲ್ಲಿದ್ದಳು. ಹಗ್ಗದ ಮೇಲೆ ಹಿಂದಿನ ದಿನದ ಅವನ ಪ್ಯಾಂಟು. ಕಾಲುಗಳ ತುದಿ ಇನ್ನೂ ಒದ್ದೆ. ಒಣಗಿಲ್ಲವಲ್ಲ ಎಂದು ತಿರುವಿ ಹಾಕುತ್ತಿದ್ದಳು. ಬೆಳಿಗ್ಗೆ ಬೇಗ ಎದ್ದು ಬುತ್ತಿಯನ್ನೂ ಕಟ್ಟಿದ್ದಳು. ಎರಡು ವರ್ಷ ಅದು ನೆನಪಿಗೇ ಬಂದಿರಲಿಲ್ಲ. ಬರೆದ ಕಾಗದದಲ್ಲಿ ಗುರುವಾರ ಎಂದಿತ್ತು. ಬರೆದದ್ದರ ಮುಂದೆ ಒಂದು ಒದ್ದೆ ಪ್ಯಾಂಟು ಯಾವ ಲೆಕ್ಕ ಎಂದು ಅದು ತಾನಾಗಿಯೇ ಮರೆಯಾಗಿತ್ತು.

ಮಾಂಸ ಬೆಂದಿತ್ತು. ಮೂಳೆಯ ಸುತ್ತ ಕೊಬ್ಬು ಹೊನ್ನಿನ ಬಣ್ಣಕ್ಕೆ ತಿರುಗಿ ಹೊಳೆಯುತ್ತಿತ್ತು. ಅವಳು ಅದನ್ನು ಹಲಗೆಯ ಮೇಲಿಟ್ಟು, ಸರಿಯಾದ ದಪ್ಪಕ್ಕೆ ಕೊಯ್ದು, ಕಲ್ಲುಪ್ಪು ಉದುರಿಸಿದಳು. ಚೂರೂ ಕೆಡಿಸಲಿಲ್ಲ. ಕೆಡಿಸಬಹುದೆಂಬ ಯೋಚನೆ ಬಂದಾಗ ಕೊನೆಯ ತಟ್ಟೆ ಒಳಗೆ ಹೋಗಿಯಾಗಿತ್ತು.

ಬಾಗಿಲ ಬಳಿ ನಿಂತು ನೋಡಿದಳು. ಹೆಂಗಸು ಮಾಂಸ ಅಗಿದು ವೈನ್ ಕುಡಿದಳು. ಈ ಸಲ ಕಣ್ಣು ಮುಚ್ಚಿದಳು. "ಅಬ್ಬಾ," ಎಂದಳು. "ಈಗ ನೋಡಿ, ರೇಷ್ಮೆ ಆಯ್ತು." ಮ್ಯಾನೇಜರು ಬೆರಳು ನೆಕ್ಕಿಕೊಂಡು ಮೊದಲ ಸಲ ಬಾಯಿ ತೆರೆದ. "ಇದೇ ವೈನು, ಇದೇ ಮಾಂಸ. ಜೋಡಿಯಾಗಿ ಹಾಕೋಣ." ಯಜಮಾನರು ನಕ್ಕರು. ಗಾಜಿನ ಆಚೆ ಏಳನೇ ತೊಟ್ಟಿಯ ಮೇಲೆ ಫ್ಯಾನು ಸುಮ್ಮನೆ ತಿರುಗುತ್ತಿತ್ತು. ಒಳಗೆ ಏನೂ ಇರಲಿಲ್ಲ. ಅತಿಥಿಗಳು ಬಂದಾಗ ಎಲ್ಲ ಫ್ಯಾನುಗಳನ್ನೂ ಹಾಕುವುದು ಪದ್ಧತಿ.

ಕಾರು ಹೊರಟ ಸದ್ದಾದಾಗ ಮೂರೂವರೆ. ಅವಳು ಗ್ಲಾಸುಗಳನ್ನು ತೊಳೆದು ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದಳು. ಮೇಷ್ಟ್ರು ಬಂದು ಸ್ಟೂಲಿನ ಮೇಲೆ ಕೂತರು. ನೆಗಡಿಗೋ ಏನೋ ಕಣ್ಣು ಕೆಂಪಾಗಿತ್ತು.

"ಒಪ್ಪಿಕೊಂಡು ಹೋದ್ರು," ಎಂದರು. "ನಿನ್ನ ಕೈಗುಣ."

"ಹ್ಞೂಂ."

"ಮೀನು ಯಾಕೆ ಇಟ್ಟೆ?"

"ಚಹಾ ಕುಡೀತೀರಾ? ನೆಗಡಿಗೆ ಒಳ್ಳೇದು."

ಅವಳು ನೀರಿಟ್ಟಳು. ಡಬ್ಬಿ ಇಳಿಸಿ ಚಹಾ ಸೊಪ್ಪು ಹಾಕಿದಳು.

"ನಾನು ಬೇಡ ಅಂದೆ," ಎಂದರು ಮೇಷ್ಟ್ರು. "ಇನ್ನೂ ಒಂದು ದಿನ ಬಿಡೋಣ ಅಂತ ಹೇಳಿದೆ. ಮಳೆ ಬರೋ ಹಾಗಿದೆ, ಹೊಸ ಹಣ್ಣು ಬಂದು ಬಿದ್ದಿದೆ, ತೊಟ್ಟಿ ಖಾಲಿ ಆಗಬೇಕು ಅಂದ್ರು ಯಜಮಾನ್ರು."

"ಯಜಮಾನ್ರೇ ನಮ್ಮನೆಯವರಿಗೆ ಹೇಳಿದ್ರಾ, ಇಳಿ ಅಂತ?"

ಮೇಷ್ಟ್ರು ಜೇಬಿನಿಂದ ಕರವಸ್ತ್ರ ತೆಗೆದರು.

"ಯಜಮಾನ್ರು ಬಾಯಿಬಿಟ್ಟು ಹೇಳಿದ್ರಾ, ಅಥವಾ ನೀವಾ?"

"ನಾನೇ." ಮೂಗು ಸೀನಿ ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿದರು. "ಮೋಂಬತ್ತಿ ತೆಗೆದ. ಕಡ್ಡಿಪೆಟ್ಟಿಗೆ ಒದ್ದೆ ಆಗಿತ್ತು, ಹತ್ತಲಿಲ್ಲ. ತಡೀರಿ, ಗುಡಾಮಿಂದ ಇನ್ನೊಂದು ತರ್ತೀನಿ ಅಂದ. ನಾನು ಕೆಳಗೆ ಬಗ್ಗಿ ಮೂಸಿ ನೋಡಿದೆ. ಏನೂ ಇಲ್ಲ ಕಣೋ, ಇಳಿ ಅಂದೆ."

"ಮೂಸಿ ನೋಡಿದ್ರಿ."

"ಹ್ಞೂಂ."

"ಆ ಕೆಟ್ಟ ಗಾಳಿಗೆ ವಾಸನೆ ಇರಲ್ಲ ಅಂತ ನಮ್ಮನೆಯವರು ನನಗೇ ಹೇಳಿದ್ರು. ನನಗೆ. ಮನೇಲಿ ಕೂತಿರೋಳಿಗೆ."

"ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು." ಮೇಷ್ಟ್ರ ದನಿ ಏರಿ ಒಡೆಯಿತು. "ಇಪ್ಪತ್ತು ವರ್ಷ ಎಲ್ಲಾನೂ ಮೂಗಲ್ಲೇ ನೋಡಿದೋನು. ಕೈ ಅಭ್ಯಾಸದ ಹಾಗೆ ಮೂಗು ಅಭ್ಯಾಸ. ಬಗ್ಗಿದೆ, ಮೂಸಿದೆ, ಇಳಿ ಅಂದೆ. ಅವನನ್ನ ಎತ್ತಿದ ಮೇಲೆ ಯಜಮಾನ್ರು ಅಂದ್ರು, ಗಾಣ ನೆನೆದಿದೆ, ಹೋದೋನಂತೂ ಹೋದ, ಸಿಪ್ಪೆ ಯಾಕೆ ಹಾಳು ಅಂತ. ಒಂದು ಬುಟ್ಟಿ ಹೂತ್ವಿ. ತೋರಿಸೋಕೆ."

ಅತ್ತೆ ಹೋಗಿ ಕೂರುತ್ತಿದ್ದ ಮೂಲೆ. ಒಂದು ಬುಟ್ಟಿ.

ಚಹಾ ಕುದಿಯಿತು. ಅವಳು ಉರಿ ಆರಿಸಿ ಮುಚ್ಚಳ ಮುಚ್ಚಿದಳು. ಡ್ರಾಯರಿನಿಂದ ಕಾಗದ ತೆಗೆದು, ಮಗುಚಿ, ಖಾಲಿ ಬೆನ್ನಿನ ಮೇಲೆ ನಿಂತೇ ಬರೆದಳು. ಕೈಬರಹ ಚೆನ್ನಾಗಿರಲಿಲ್ಲ; ಸಾಮಾನಿನ ಚೀಟಿ ಬಿಟ್ಟರೆ ಬೇರೇನೂ ಬರೆದು ಅಭ್ಯಾಸವಿರಲಿಲ್ಲ. ಬರೆದದ್ದು ನಾಲ್ಕೇ ಸಾಲು. ಮಂಗಳವಾರ ಸಂಜೆ ಗಾಣ ನೆನೆಸಿದ್ದರು. ಅವರ ಪ್ಯಾಂಟು ಒದ್ದೆಯಾಗಿತ್ತು. ಬುಧವಾರ ಇಳಿಯಲು ಹೇಳಿದರು. ಕಡ್ಡಿ ತರುತ್ತೇನೆ ಎಂದರೂ ಬಿಡಲಿಲ್ಲ. ಕೆಳಗೆ ಸಹಿ ಹಾಕಿ, ಅದರ ಪಕ್ಕದಲ್ಲಿ ಸಾಕ್ಷಿ ಎಂದು ಬರೆದು ಜಾಗ ಬಿಟ್ಟು, ಕಾಗದವನ್ನೂ ಪೆನ್ನನ್ನೂ ಮೇಷ್ಟ್ರ ಮುಂದೆ ಇಟ್ಟಳು.

ಅವರು ಓದಿದರು. ಎರಡು ಸಲ ಓದಿದರು.

"ಮನೆ ಬಿಡಿಸ್ತಾರೆ ನಿನ್ನ," ಎಂದರು.

"ಗೊತ್ತು."

"ನಿಮ್ಮತ್ತೆಗೆ ವಯಸ್ಸಾಗಿದೆ. ಮಗಳ ಶಾಲೆ..."

"ಅದೂ ಗೊತ್ತು."

"ನನಗೆ ಈ ವಯಸ್ಸಲ್ಲಿ ಇನ್ನೆಲ್ಲಿ ಕೆಲಸ..."

ಅವಳು ಬಟ್ಟೆಯಲ್ಲಿ ಚಹಾ ಸೋಸಿದಳು. ತಾನಾಗಿ ಇಳಿದದ್ದನ್ನು ಒಂದು ಲೋಟಕ್ಕೆ ಹಿಡಿದು ತನ್ನ ಪಕ್ಕದಲ್ಲಿಟ್ಟುಕೊಂಡಳು. ಆಮೇಲೆ ಬಟ್ಟೆಯ ನಾಲ್ಕು ತುದಿ ಸೇರಿಸಿ, ತಿರುಚಿ, ಇನ್ನೊಂದು ಲೋಟದ ಮೇಲೆ ಹಿಡಿದು ಹಿಂಡಿದಳು. ಬಿಸಿಗೆ ಬೆರಳು ಕೆಂಪಾದವು. ಕಪ್ಪು ರಸ ಧಾರೆಯಾಗಿ ಇಳಿದು, ತೆಳುವಾಗಿ, ಹನಿಯಾಯಿತು. ಅವಳು ಇನ್ನೊಂದು ಸುತ್ತು ತಿರುಚಿದಳು. ಕೊನೆಯ ಹನಿ ಬಿದ್ದ ಮೇಲೆ ಲೋಟವನ್ನು ಮೇಷ್ಟ್ರ ಮುಂದೆ, ಪೆನ್ನಿನ ಪಕ್ಕ ಇಟ್ಟಳು. ಹಾಲು, ಸಕ್ಕರೆ ಹಾಕಲಿಲ್ಲ.

ಮೇಷ್ಟ್ರು ಅಭ್ಯಾಸದಂತೆ ಲೋಟವನ್ನು ಮೂಗಿನ ಹತ್ತಿರ ಒಯ್ದರು. ಕಟ್ಟಿದ ಮೂಗಿಗೆ ಏನೂ ಹತ್ತಲಿಲ್ಲ. ಕುಡಿದರು. ಮುಖ ಬಿಗಿಯಿತು, ಆದರೆ ಲೋಟ ಕೆಳಗಿಡಲಿಲ್ಲ. ಗುಟುಕು ಗುಟುಕಾಗಿ ತಳದವರೆಗೂ ಕುಡಿದು, ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಮುಚ್ಚಿದ ತುಟಿಯ ಹಿಂದೆ ಅವರ ನಾಲಿಗೆ ಒಸಡಿನ ಮೇಲೆ ನಿಧಾನವಾಗಿ ಆಡುತ್ತಿದ್ದುದು ಕಾಣುತ್ತಿತ್ತು.

ಆಚೆ ಯಾರೋ ಸ್ವಿಚ್ಚು ಆರಿಸಿದರು. ಒಂದೊಂದಾಗಿ ಫ್ಯಾನುಗಳು ನಿಂತವು.